ಹಕ್ಕಿಗಳ ಸುದ್ದಿ ಕೊನೆಗೆ

ಮೋಟೆಬೆನ್ನೂರು
11 ಫೆಬ್ರುವರಿ 2025, ಮಂಗಳವಾರ

ಪ್ರೀತಿಯ ಅಯಾಜ್ ಅವರಿಗೆ,

ನಿಮ್ಮ ದಿಲನಾಜಳ ಸಲಾಂ. ಎದುರಿಗೆ ಹೆಸರು ಹಿಡಿದು ಕರೆಯದವಳು ಕಾಗದದಲ್ಲಿ ಕರೆದಿದ್ದೇನೆ, ಅಮ್ಮಿಗೆ ಹೇಳಬೇಡಿ. ಉಸಿರು ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ನಡುವೆ ನಿಲ್ಲುತ್ತೀರಾ? ಆಸ್ಪತ್ರೆಯಿಂದ ಹುಬ್ಬಳ್ಳಿಯ ನಿಮ್ಮ ಆಪಾ ಮನೆಗೆ ಬಂದ ಮೇಲೆ ಊಟ ಸೇರುತ್ತಿದೆ ಎಂದು ಆಪಾ ಹೇಳಿದರು. ತಮ್ಮನ ವಿಷಯದಲ್ಲಿ ಆಪಾ ಯಾವತ್ತೂ ಇದ್ದದ್ದು ಇದ್ದ ಹಾಗೆ ಹೇಳಿದವರಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಡಾಕ್ಟರು ಮಾತು ಕಡಿಮೆ ಮಾಡಿ ಎಂದಿದ್ದಾರೆ. ಫೋನ್ ಹಿಡಿದರೆ ನೀವು ಬಿಡುವವರಲ್ಲ, ಹಾಗಾಗಿ ಈ ಕಾಗದ. ಇಲ್ಲಿ ಅಮ್ಮಿ ಆರಾಮಿದ್ದಾರೆ. ಶಬೇ ಬರಾತಿಗೆ ಮಗ ಮನೆಯಲ್ಲಿಲ್ಲ, ಹಲ್ವಾ ಯಾರಿಗೆ ಮಾಡಲಿ ಎಂದು ಬೆಳಗಿನಿಂದ ಗೊಣಗುತ್ತಿದ್ದಾರೆ. ಗೊಣಗುತ್ತಲೇ ರವೆ ಹುರಿದಿಟ್ಟಿದ್ದಾರೆ.

ನಮ್ಮ ಪ್ರಾಣಿಗಳ ಆಶ್ರಯಧಾಮದ ಸುದ್ದಿ ಹೇಳುತ್ತೇನೆ. ಹಕ್ಕಿಗಳದ್ದು ಕೊನೆಗೆ, ಇಲ್ಲದಿದ್ದರೆ ನೀವು ಉಳಿದದ್ದನ್ನು ಓದುವುದೇ ಇಲ್ಲ. ಇಗುವಾನಾ ಚಳಿ ಬಿಟ್ಟು ಮತ್ತೆ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದೆ. ಯಾರೋ ಸಾಕಿ ಸಾಕಾಗಿ ರಾಣೇಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿಯಲ್ಲಿ ಬಿಟ್ಟುಹೋದಾಗ ಊರೆಲ್ಲ ಇದನ್ನು ಉಡ ಎಂದು ಹೆದರಿತ್ತು, ನೀವೊಬ್ಬರೇ ಎದೆಗೆ ಒತ್ತಿಕೊಂಡು ತಂದಿದ್ದಿರಿ. ಆಫ್ರಿಕಾದ ಆಮೆ ಮೊನ್ನೆ ಬೇಲಿಯ ಬುಡ ಕೆದರಿ ಪಕ್ಕದ ಹೊಲಕ್ಕೆ ನುಗ್ಗಿತ್ತು. ಕರಬಸಪ್ಪನವರು ಅದನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದು, "ಭಾಬಿ, ನಿಮ್ಮ ಹಿರೇಮಗ ನಮ್ಮ ಮೆಂತೆಪಲ್ಲೆ ಎಲ್ಲಾ ಮೇದು ಬಂದಾನ ನೋಡ್ರಿ" ಎಂದರು. ಬೈಯುತ್ತಾರೇನೋ ಎಂದು ನಾನು ಹೆದರಿದ್ದರೆ ಅವರು ನಗುತ್ತಿದ್ದರು. ನೀವು ಆಸ್ಪತ್ರೆ ಸೇರಿದಾಗಿನಿಂದ ಬೇಲಿ, ನೀರು, ಪಂಪು ಎಲ್ಲ ಅವರೇ ನೋಡುತ್ತಿದ್ದಾರೆ. ರಾಣೇಬೆನ್ನೂರು ಸಂತೆಯ ಪ್ರೇಮವ್ವ ಉಳಿದ ಸೊಪ್ಪನ್ನೆಲ್ಲ ಚೀಲ ತುಂಬಿ ಬಸ್ಸಿಗೆ ಹಾಕುವುದನ್ನು ತಪ್ಪಿಸಿಲ್ಲ. ಅಂಗೈಯಗಲದ ಆ ಎರಡು ಕೋತಿಗಳಲ್ಲಿ ಹೆಣ್ಣಿಗೆ ಹೊಟ್ಟೆ ಕೆಟ್ಟಿತ್ತು, ದನದ ಡಾಕ್ಟರು ಬಂದು ಔಷಧಿ ಕೊಟ್ಟುಹೋದರು, ಈಗ ಬಾಳೆಹಣ್ಣು ತಿನ್ನುತ್ತಿದೆ. ಗಂಡು ಮಾತ್ರ ನನ್ನನ್ನು ಕಂಡರೆ ಹಲ್ಲು ಕಿರಿಯುತ್ತದೆ. ನೀವು ಹೋದದ್ದಕ್ಕೆ ನಾನೇ ಕಾರಣ ಎಂದುಕೊಂಡಿರಬೇಕು.

ಇವೆಲ್ಲ ದಿನದ ತಾಪತ್ರಯ, ಹೇಗೋ ಸಾಗುತ್ತದೆ. ನನ್ನ ನೆಮ್ಮದಿ ಕೆಡಿಸಿರುವುದು, ಬರುವ ವಾರ ಮನೆಗೆ ಬಂದೇ ಬರುತ್ತೇನೆ ಎಂಬ ನಿಮ್ಮ ಹಟ. ನಿಮಗೆ ಕೆಮ್ಮು ಶುರುವಾದಾಗ ನಾವೆಲ್ಲ ಏನಂದೆವು ನೆನಪಿದೆಯಾ? ಮೆಣಸಿನಕಾಯಿ ಘಾಟು ಎಂದೆವು. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ತೂಗುವವನಿಗೆ ಕೆಮ್ಮು ಬಂದರೆ ಬೇರೆ ಏನು ಅಂದಾರು? ಸೀಸನ್ನಿನಲ್ಲಿ ಆ ರಸ್ತೆ ದಾಟುವ ಬಸ್ಸಿನವರೂ ಸೀನುತ್ತಾರೆ. ಅಮ್ಮಿ ಶುಂಠಿ ಕಷಾಯ ಕುಡಿಸಿದರು. ನಿಲ್ಲಲಿಲ್ಲ. ಮಾರುಕಟ್ಟೆಯ ಕೆಲಸವನ್ನೇ ಬಿಡಿಸಿದೆವು. ಘಾಟಿನಿಂದ ದೂರವಿರಲಿ ಎಂದು ಹಕ್ಕಿಗಳ ಪಂಜರದ ಮಗ್ಗುಲಲ್ಲಿ ಕೋಣೆ ಕಟ್ಟಿಸಿ ಅಲ್ಲೇ ಹಾಸಿಗೆ ಹಾಕಿಕೊಟ್ಟೆವು. ನಿಮ್ಮ ಸಂತೋಷ ಕೇಳಬೇಕೇ! ಆ ಬಿಳಿ ಕಾಕಟೂ, ನಿಮ್ಮ ಚಾಂದ್, ಹಗಲೆಲ್ಲ ನಿಮ್ಮ ಹೆಗಲ ಮೇಲೆ. ಅವನು ಮೈ ಕೊಡವಿದರೆ ಹಳೆ ಗೋಡೆಯ ಸುಣ್ಣದಂಥ ಪುಡಿ ಏಳುತ್ತಿತ್ತು, ನಿಮ್ಮ ಅಂಗಿಯಿಂದ ಅದನ್ನು ನಾನು ನಗುನಗುತ್ತ ಜಾಡಿಸುತ್ತಿದ್ದೆ. ನಿಮ್ಮ ಎದೆಯೊಳಗೆ ಹೋಗಿ ಕುಳಿತದ್ದು ಆ ಪುಡಿಯೇ, ಮೆಣಸಿನಕಾಯಿಯಲ್ಲ, ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು.

"ಹಕ್ಕಿ ಇರಬೇಕೋ, ಉಸಿರು ಇರಬೇಕೋ, ಎರಡರಾಗ ಒಂದು ಆರಿಸ್ಕೊಳ್ರಿ" ಎಂದರು ಅವರು. ನೀವು ನಕ್ಕು, "ಮಾಸ್ಕ್ ಹಾಕ್ಕೊಂತೇನಿ ತಗೋರಿ ಡಾಕ್ಟ್ರ. ಅವನ್ನ ಬಿಟ್ಟು ನಾ ಹ್ಯಾಂಗ ಇರಲಿ?" ಎಂದಿರಿ. ಆಮೇಲೆ ಅವರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದನ್ನು ಈವರೆಗೆ ನಿಮಗೆ ತಿಳಿಸಿಲ್ಲ. "ಮಾಸ್ಕಿನ ಮಾತು ಬಿಡ್ರೀ ಅಮ್ಮಾ. ಮತ್ತ ಅದ ಗಾಳಿಯಾಗ ಕುಂತ್ರ, ಮುಂದಿನ ಸಲ ಇಲ್ಲಿಗೆ ಕರ್ಕೊಂಡು ಬಂದೂ ಉಪಯೋಗ ಇರಂಗಿಲ್ಲ" ಎಂದರು. ನನಗೆ ಭಯವಾಗಿದೆ ರೀ. ಕಸ ಗುಡಿಸುವಾಗ, ರೊಟ್ಟಿ ಬಡಿಯುವಾಗ, ನಮಾಜಿಗೆ ಕುಳಿತಾಗ, ಅದೇ ಮಾತು ಕಿವಿಯಲ್ಲಿ.

ಇನ್ನು ಹಕ್ಕಿಗಳು. ನೀಲಿ ಮಕಾವ್ ಮತ್ತು ಬೂದು ಗಿಳಿಗಳು ನಿನ್ನೆಯವರೆಗೂ ಚೆನ್ನಾಗಿ ತಿಂದುಂಡು ಗದ್ದಲ ಹಾಕಿದವು. ಚಾಂದ್ ಮಾತ್ರ ಮಂಕಾಗಿದ್ದ. ವಾಷಿಂಗ್ ಮಷೀನಿನ ಖಾಲಿ ಡಬ್ಬದಲ್ಲಿ ಬಂದಾಗ ಅವನ ಎದೆ ಹೇಗೆ ಬೋಳಾಗಿತ್ತು! ತಾನೇ ಪುಕ್ಕ ಕಿತ್ತುಕೊಂಡಿದ್ದ. ನೀವು ಮಾತಾಡಿಸಿ ಮಾತಾಡಿಸಿ ಅದನ್ನು ಮತ್ತೆ ಬೆಳೆಸಿದಿರಿ. ನೀವಿಲ್ಲದೆ ಮತ್ತೆ ಎರಡು ಪುಕ್ಕ ಕಿತ್ತಿದ್ದ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹತ್ತಿರ ಕುಳಿತರೆ ನನ್ನ ಕೈಯಿಂದ ಸೂರ್ಯಕಾಂತಿ ಬೀಜ ತೆಗೆದುಕೊಂಡ. ಮನುಷ್ಯರೇ ಸಾಕಿದ್ದರಿಂದ ಅವನು ತನ್ನ ಜಾತಿಯ ಹಕ್ಕಿಯನ್ನು ಬಹುಶಃ ನೋಡಿಯೇ ಇಲ್ಲ, ಜೊತೆ ಸಿಕ್ಕರೆ ಸುಧಾರಿಸುತ್ತಾನೆ ಎಂದರು ದನದ ಡಾಕ್ಟರು. ಆ ಮಾತು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು.

ಮಾತ್ರೆ ತಪ್ಪಿಸಬೇಡಿ. ಆಪಾ ಮನೆಯ ಮಹಡಿಗೆ ಗಾಳಿ ಕುಡಿಯಲು ಹೋಗುವಾಗ ನಿಧಾನವಾಗಿ ಹತ್ತಿ. ಅಮ್ಮಿ ಐದೂ ಹೊತ್ತು ನಿಮಗಾಗಿ ದುವಾ ಮಾಡುತ್ತಿದ್ದಾರೆ, ಕರಬಸಪ್ಪನವರು ನಮಸ್ಕಾರ ಹೇಳಿದ್ದಾರೆ. ಅಲ್ಲಾಹ್ ನಿಮ್ಮ ಎದೆಗೆ ಬಲ ಕೊಡಲಿ, ರಂಜಾನಿಗೆ ನೀವು ನಮ್ಮ ನಡುವೆ ಕುಳಿತು ಉಣ್ಣುವಂತಾಗಲಿ.

ನಿಮ್ಮ
ದಿಲನಾಜ

ತಾ. ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರದೆ ಬಿಟ್ಟದ್ದು. ಇಂದು ಬೆಳಿಗ್ಗೆ ಹಕ್ಕಿಗಳೆಲ್ಲ ಹೋದವು. ಮೈಸೂರಿನ ಕಡೆಯ ಒಂದು ಪಕ್ಷಿ ಆಶ್ರಯದವರು ಗಾಡಿ ತಂದಿದ್ದರು. ಅರಣ್ಯ ಇಲಾಖೆಯ ಒಪ್ಪಿಗೆಯೂ ಸಿಕ್ಕಿತ್ತು, ಆಶ್ರಯಧಾಮದ ಕಾಗದಪತ್ರದಲ್ಲಿ ನಿಮ್ಮ ಜೊತೆ ನನ್ನ ಹೆಸರೂ ಇದ್ದದ್ದರಿಂದ ನಾನೇ ಸಹಿ ಹಾಕಿದೆ. ಅಲ್ಲಿ ಬೇರೆ ಬಿಳಿ ಕಾಕಟೂಗಳೂ ಇವೆಯಂತೆ. ಮೊದಲೇ ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ನಿಮ್ಮ ಮಾತು ಮೀರಲು ನನಗೆ ಆಗುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಪಂಜರ, ಕೋಣೆ ಎಲ್ಲ ತೊಳೆದೆವು, ನಿಮ್ಮ ಹಾಸಿಗೆ ಸುಟ್ಟೆ. ಸಿಟ್ಟು ಬಂದರೆ ಮನೆಗೆ ಬಂದು ಬೈಯಿರಿ. ದಿನವಿಡೀ ಬೈದರೂ ಕೇಳುತ್ತೇನೆ, ನಡುವೆ ಒಮ್ಮೆಯೂ ಕೆಮ್ಮದೆ ಬೈದರೆ ಸಾಕು.