ಸತ್ತ ನಕಲು ಎತ್ತಿದ ಕೈ

ಸಿನಿಮಾಗಳಿಗೆ ಅನುಮತಿ ಪತ್ರ ಕೊಡುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನೀವು ಕತ್ತರಿಸಿ ಬಿಸಾಡಿಸಿದ ಕೈ ನನ್ನದು. ದಯವಿಟ್ಟು ಅದನ್ನು ವಾಪಸು ಕೊಡಿಸಿ.

ಗಾಬರಿಯಾಗಬೇಡಿ, ಕೈ ಮೈಮೇಲೇ ಇದೆ. ನಾನು ಹೇಳುತ್ತಿರುವುದು ಊರೆಲ್ಲ ಮುಗಿಬಿದ್ದು ನೋಡುತ್ತಿರುವ ಆ ಹೊಡೆದಾಟದ ಸಿನಿಮಾದ ಬಗ್ಗೆ. ವಿಜ್ಞಾನಿಯೊಬ್ಬ ನಾಯಕನ ಜೀವಕೋಶ ಕದ್ದು ಕಾರ್ಖಾನೆಯಲ್ಲಿ ರಾಶಿ ರಾಶಿ ನಕಲು ಮನುಷ್ಯರನ್ನು ತಯಾರಿಸುತ್ತಾನೆ, ಅಸಲಿಯ ನೆನಪುಗಳನ್ನೆಲ್ಲ ಅವರ ತಲೆಗೆ ತುಂಬುತ್ತಾನೆ. ಕೊನೆಗೆ ಅಸಲಿ ನಾಯಕ ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಹಾಗೆ ಮುಗಿದವರೆಲ್ಲ ನಾನೇ. ಮುಖ ಮಾತ್ರ ನಾಯಕನದು, ಕಂಪ್ಯೂಟರಿನಲ್ಲಿ ಅಂಟಿಸಿದ್ದಾರೆ. ಮಹಡಿಯಿಂದ ಬಿದ್ದ, ಗಾಜು ಒಡೆದುಕೊಂಡು ಹೋದ, ಬೆಂಕಿ ಹತ್ತಿಸಿಕೊಂಡು ಓಡಿದ ಮೈ ನನ್ನದು. ಸಿನಿಮಾದವರು ನನ್ನನ್ನು ಸಾಹಸ ಕಲಾವಿದ ಎನ್ನುತ್ತಾರೆ. ನನ್ನ ಹೆಂಡತಿ ‘ಬೀಳೋ ಕೆಲಸ’ ಎನ್ನುತ್ತಾಳೆ.

ಈ ಬೀಳುವ ಕೆಲಸದಲ್ಲಿ ಒಂದು ಪದ್ಧತಿಯಿದೆ. ಬಿದ್ದವನು ಬಿದ್ದಲ್ಲಿಂದಲೇ ಒಂದು ಕೈ ಎತ್ತಬೇಕು. ಪೆಟ್ಟಾಗಿಲ್ಲ, ಬದುಕಿದ್ದೇನೆ ಎಂದರ್ಥ. ಆ ಕೈ ಕಾಣುವವರೆಗೆ ಸೆಟ್ಟಿನಲ್ಲಿ ಯಾರೂ ಉಸಿರು ಬಿಡುವುದಿಲ್ಲ. ನನ್ನ ಮಗಳಿಗೂ ಅದೇ ಅಭ್ಯಾಸ. ಸೈಕಲ್ಲಿನಿಂದ ಬಿದ್ದರೆ ಮೊದಲು ಕೈ ಎತ್ತಿ ಆಮೇಲೆ ಅಳುತ್ತಾಳೆ. ಸಂಕಲನ ಮಾಡುವವರು ಸಾಮಾನ್ಯವಾಗಿ ಈ ಕೈಯನ್ನು ತೆಗೆದುಬಿಡುತ್ತಾರೆ. ಈ ಸಿನಿಮಾದಲ್ಲಿ ಅವರ ಕಣ್ತಪ್ಪಿ ಒಂದು ಕಡೆ ಉಳಿದಿತ್ತು. ನಿಮ್ಮ ಹದ್ದಿನ ಕಣ್ಣು ತಪ್ಪಲಿಲ್ಲ. ‘ಸತ್ತ ನಕಲು ಕೈ ಎತ್ತುವುದು ಅವೈಜ್ಞಾನಿಕ, ತೆಗೆಯತಕ್ಕದ್ದು’ ಎಂದು ಆದೇಶಿಸಿದಿರಿ. ಬೆಳಿಗ್ಗೆ ಯಂತ್ರಕ್ಕೆ ಹಾಕಿದ ಜೀವಕೋಶ ಸಂಜೆಗೆ ಮೀಸೆ ಸಮೇತ ಹೊರಗೆ ಬಂದದ್ದು ಯಾವ ವಿಜ್ಞಾನ, ಮಾನ್ಯರೇ? ಅದಕ್ಕೆ ತಮ್ಮ ಅಭ್ಯಂತರವೇ ಇರಲಿಲ್ಲವಲ್ಲ!

ಸಾಲದ್ದಕ್ಕೆ, ಇಷ್ಟು ಹೆಣ ಬೀಳುವ ಸಿನಿಮಾವನ್ನು ಪುಟ್ಟ ಮಕ್ಕಳೂ ನೋಡಬಹುದೆಂದು ಬರೆದುಕೊಟ್ಟಿರಿ. ಯಾಕೆಂದು ಕೇಳಲು ನಿಮ್ಮ ಕಚೇರಿಗೇ ಬಂದಿದ್ದೆ. ನಿಮ್ಮ ಸಹಾಯಕರು ತಲೆ ಎತ್ತದೆಯೇ ಹೇಳಿದರು: “ಸತ್ತೋರು ಮನುಷ್ಯರಲ್ಲ ಕಣ್ರೀ, ನಕಲು. ನಕಲು ಸತ್ರೆ ಹಿಂಸೆ ಹೇಗಾಗುತ್ತೆ?”

“ಆ ನಕಲು ನಾನೇ ಸಾರ್.”

ಆಗ ತಲೆ ಎತ್ತಿದರು. “ಮುಖ ಹೊಂದ್ತಾ ಇಲ್ವಲ್ರೀ!”

ನಿಮ್ಮ ಅನುಮತಿ ಪತ್ರ ನಂಬಿ ಶಾಲೆಯವರು ಮಕ್ಕಳನ್ನೆಲ್ಲ ಸಿನಿಮಾಕ್ಕೆ ಕರೆದುಕೊಂಡು ಹೋದರು. ನನ್ನ ಮಗಳಿನ್ನೂ ಎರಡನೇ ಕ್ಲಾಸು. ಎಡ ಭುಜ ಕೊಟ್ಟು ಬೀಳುವ ನನ್ನ ವರಸೆಯನ್ನು ಮನೆಯ ಹಾಸಿಗೆಯ ಮೇಲೆ ನೋಡುತ್ತಲೇ ಬೆಳೆದವಳು. ಮುಖ ಯಾರದ್ದಾದರೇನು, ಅಪ್ಪನನ್ನು ಥಟ್ಟನೆ ಗುರುತು ಹಿಡಿದಿದ್ದಾಳೆ. ಬಿದ್ದಾಗಲೆಲ್ಲ ಕೈ ಏಳುತ್ತದೆಂದು ಕಾದಿದ್ದಾಳೆ. ಒಂದು ಸಲವೂ ಏಳಲಿಲ್ಲ. ಅಂದು ಸಂಜೆ ನಾನು ಮನೆಗೆ ಬಂದರೆ ಬಾಗಿಲಿಗೆ ಅಡ್ಡ ನಿಂತು ಕೇಳಿದಳು, “ನಿಮ್ಮನ್ನ ಯಾರು ಕಳಿಸಿದ್ದು?” ಅಪ್ಪನಿಗೆ ಎಂದೂ ಬಹುವಚನ ಹಚ್ಚದ ಮಗು. ಅಪ್ಪ ಬಿದ್ದಲ್ಲೇ ಉಳಿದಿದ್ದಾನೆ, ಮನೆಗೆ ಬಂದಿರುವುದು ಕಾರ್ಖಾನೆಯ ನಕಲು ಎಂದು ಅವಳ ತೀರ್ಮಾನ.

ಅಂದಿನಿಂದ ನನಗೆ ದಿನಾ ಪರೀಕ್ಷೆ. “ನನ್ನ ಮೊದಲನೇ ಹಲ್ಲು ಎಲ್ಲಿ ಬಿತ್ತು?” ಇಲ್ಲೇ, ಮನೆಯಲ್ಲಿ ಎಂದೆ. ಅಜ್ಜಿ ಮನೆಯಲ್ಲಂತೆ. “ಅಯ್ಯೋ, ನಿಜವಾದ ಅಪ್ಪನಿಗೂ ಅದು ಗೊತ್ತಿರ್ಲಿಲ್ಲ ಪುಟ್ಟಿ,” ಎಂದು ಹೆಂಡತಿ ನನ್ನ ಪರ ವಹಿಸಿದಳು. ಮರುದಿನದ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದೆ. ಕಾರ್ಖಾನೆಯಲ್ಲಿ ನೆನಪು ತುಂಬಿಸಿದ್ದಾರೆ ಎಂದಳು. ಹಾಸಿಗೆಯ ಮೇಲೆ ದಬಕ್ಕನೆ ಬಿದ್ದು ಕೈ ಎತ್ತಿ ತೋರಿಸಿದೆ. “ಇದನ್ನೂ ಅಲ್ಲೇ ಕಲಿಸಿರ್ತಾರೆ,” ಎಂದಳು. ತಪ್ಪಿದರೂ ನಕಲು, ಒಪ್ಪಿದರೂ ನಕಲು! ನಿಮ್ಮ ಕಚೇರಿಯಲ್ಲಿ ಈ ಹುಡುಗಿಗೆ ಒಳ್ಳೆಯ ಭವಿಷ್ಯವಿದೆ.

ಮೊನ್ನೆ ನೀರಿನ ಲೋಟ ತಂದು, ನೆಂಟರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು. “ನೀವೂ ಒಳ್ಳೆಯೋರೇ. ನಮ್ಮಪ್ಪ ವಾಪಸ್ ಬಂದ್ರೆ ನೀವೆಲ್ಲಿಗೆ ಹೋಗ್ತೀರ?” ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆ ಕೈಯನ್ನು ಸಿನಿಮಾಕ್ಕೆ ಮರಳಿ ಸೇರಿಸುವಂತೆ ಆದೇಶಿಸಿ. ಬಿದ್ದವನೇ ಕೈ ಎತ್ತಿದ್ದನ್ನು ಅವಳು ಕಣ್ಣಾರೆ ನೋಡಲಿ. ಒಂದು ಕೈಯಿಂದ ವಿಜ್ಞಾನಕ್ಕೆ ಧಕ್ಕೆಯಾಗುವುದಾದರೆ, ತಾವೇ ನಮ್ಮ ಮನೆಗೆ ದಯಮಾಡಿಸಿ ‘ಇವನು ಅಸಲಿ’ ಎಂದು ನನ್ನ ಬೆನ್ನಿಗೆ ಮುದ್ರೆ ಒತ್ತಿ ಹೋಗಿ. ಆದಷ್ಟು ಬೇಗ. ಅಪ್ಪ ಬಂದಾಗ ಬೇಕಾಗುತ್ತದೆಂದು ನನ್ನ ಚಪ್ಪಲಿಗಳನ್ನು ಒರೆಸಿ ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ನಾನು ಬರಿಗಾಲಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ಕಚೇರಿಯಲ್ಲಿ ಮನುಷ್ಯನಲ್ಲದ, ಮನೆಯಲ್ಲಿ ಅಪ್ಪನೂ ಅಲ್ಲದ
ಒಬ್ಬ ಬೀಳುವವನು