ಸೇಬಿನ ಅಟ್ಟಕ್ಕೆ ಬಂದ ಸೈನಿಕರು

ಹಾರ್‌ಕ್ಲೋ
೯ ಅಕ್ಟೋಬರ್ ೧೬೬೦

ಲಂಡನ್ನಿನಲ್ಲಿರುವ ನನ್ನ ಯಜಮಾನರಾದ ಹಾರ್‌ಕ್ಲೋ ಪ್ರಭುಗಳಿಗೆ, ಲೆಟಿಸಳ ವಂದನೆಗಳು.

ನಾನೂ ಮಗಳೂ ಆರೋಗ್ಯವಾಗಿದ್ದೇವೆ. ಹೊಸ ಅರಸರು ನಿಮ್ಮನ್ನು ತಮ್ಮ ಸಲಹೆಗಾರರ ಸಾಲಿಗೆ ಸೇರಿಸಿಕೊಂಡ ಸುದ್ದಿ ನಿಮ್ಮ ಪತ್ರಕ್ಕಿಂತ ಮೊದಲೇ ಚರ್ಚಿನಲ್ಲಿ ಕಿವಿಗೆ ಬಿತ್ತು. ಅವರ ತಂದೆಯ ವಿರುದ್ಧ ಪಾರ್ಲಿಮೆಂಟಿನಲ್ಲಿ ಗಂಟಲು ಹರಿಯುವಂತೆ ಕೂಗಿದವರಿಗೆ ಇಷ್ಟು ಬೇಗ ಕ್ಷಮೆ ಹೇಗೆ ಸಿಕ್ಕಿತೆಂದು ಪಕ್ಕದ ಬೆಂಚಿನವರು ಪಿಸುಗುಟ್ಟಿದರು. ನಾನು ಪ್ರಾರ್ಥನೆಯ ಪುಸ್ತಕದಿಂದ ತಲೆ ಎತ್ತಲಿಲ್ಲ.

ಗುರುವಾರ ಬೆಳಗ್ಗೆ ಇಲ್ಲಿಗೆ ಸೈನಿಕರು ಬಂದರು. ಅಡುಗೆಯ ಮಾರ್ಜರಿಯೊಂದಿಗೆ ನಾನು ಹಿತ್ತಲಲ್ಲಿದ್ದೆ. ಅವರ ನಾಯಕ ಟೋಪಿ ತೆಗೆದು, "ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮ ತಮ್ಮ ಜರ್ವೇಸ್ ಇಲ್ಲೇ ಅಡಗಿದಾನೆ ಅಂತ ಗೊತ್ತಾಗಿದೆ. ಹಳೇ ಅರಸರ ತಲೆ ತೆಗೆದ ದಿನ ಕಾವಲು ನಿಂತಿದ್ದೋನು," ಎಂದ.

ಹುಡುಕಿಕೊಳ್ಳಿ ಎಂದೆ. ಆದರೆ ಅವರು ಹುಡುಕಲಿಲ್ಲ. ಮನೆಯೊಳಗೆ ಕಾಲಿಡಲಿಲ್ಲ, ಕುದುರೆ ಲಾಯದ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ತೋಟ ದಾಟಿ ಸೇಬಿನ ಅಟ್ಟಕ್ಕೆ ಏಣಿ ಹಾಕಿದರು. ಹುಲ್ಲಿಗೆಲ್ಲ ಕತ್ತಿ ಚುಚ್ಚಿದರು. ಚಳಿಗಾಲಕ್ಕೆಂದು ಕೂಡಿಟ್ಟ ಹಣ್ಣು ಅಂಗಳಕ್ಕೆ ಉರುಳಿ ಜಜ್ಜಿಹೋಯಿತು.

ಮಾರ್ಜರಿ ಸೊಂಟದ ಮೇಲೆ ಕೈಯಿಟ್ಟು, "ಸೇಬು ತಿನ್ನೋಕೆ ಇಷ್ಟು ಜನ ಬಂದ್ರಾ? ಕೇಳಿದ್ರೆ ಬುಟ್ಟಿ ತುಂಬಿಸಿ ಕೊಡ್ತಿದ್ನಲ್ಲ," ಎಂದಳು. ನಾಯಕನ ಕಿವಿ ಕೆಂಪಾಯಿತು.

ಬೇಸಿಗೆಯಲ್ಲಿ ಜರ್ವೇಸ್ ನಮ್ಮ ಸೋದರತ್ತೆಯ ಮನೆಯಲ್ಲಿದ್ದಾಗಲೂ ಸೈನಿಕರು ಹೀಗೆಯೇ ನೆಟ್ಟಗೆ ಅಲ್ಲಿಗೆ ಹೋಗಿದ್ದರು. ಅವನು ಕಿಟಕಿ ಹಾರಿ ತಪ್ಪಿಸಿಕೊಂಡ. ಆ ಜಾಗ ಗೊತ್ತಿದ್ದದ್ದು ಮಾರ್ಜರಿಗೆ, ಮನೆವಾರ್ತೆಯ ಟಿಮ್ಸ್‌ನಿಗೆ, ನಿಮಗೆ. ಅಂದೇ ನನ್ನ ತಲೆಗೆ ಅನುಮಾನದ ಹುಳು ಹೊಕ್ಕಿತು. ಮಾರ್ಜರಿ ಸಂತೆಗೆ ಹೋದರೆ ಯಾರೊಡನೆ ಮಾತಾಡಿದಳೆಂದು ವಿಚಾರಿಸಿದೆ. ಟಿಮ್ಸ್ ಕೆಮ್ಮಿದರೂ ಅದು ಯಾರಿಗೋ ಕೊಟ್ಟ ಸನ್ನೆ ಅನ್ನಿಸುತ್ತಿತ್ತು. ಕೊನೆಗೆ, ಜರ್ವೇಸ್ ನೆಲಮಾಳಿಗೆಯಲ್ಲಿದ್ದಾನೆಂದು ಮಾರ್ಜರಿಗೆ ಹೇಳಿದೆ. ಹಳೇ ಗಿರಣಿಯಲ್ಲಿದ್ದಾನೆಂದು ಟಿಮ್ಸ್‌ನಿಗೆ ಹೇಳಿದೆ. ಸೇಬಿನ ಅಟ್ಟದಲ್ಲಿದ್ದಾನೆಂದು ಬರೆದದ್ದು ನಿಮಗೊಬ್ಬರಿಗೇ. ಅವನು ಅದ್ಯಾವುದರಲ್ಲೂ ಇರಲಿಲ್ಲ.

ದಾರಿಯಲ್ಲಿ ಯಾರೋ ಪತ್ರ ಒಡೆದು ಓದಿರಬೇಕು ಎನ್ನುತ್ತೀರಿ. ನಾನೂ ಹಾಗೆಂದೇ ನಂಬಲು ಹವಣಿಸಿದೆ. ಆದರೆ ಕುದುರೆ ಹತ್ತುವಾಗ ಆ ನಾಯಕ, ನನ್ನನ್ನು ಸಮಾಧಾನ ಮಾಡುವುದಕ್ಕೆಂದೇ ಇರಬೇಕು, "ಪ್ರಭುಗಳಿಗೆ ತಿಳಿಸಿ ಅಮ್ಮಾ, ಅವರು ಹೇಳಿದ ಜಾಗ ಬಿಟ್ಟು ಬೇರೆ ಏನನ್ನೂ ನಾವು ಮುಟ್ಟಿಲ್ಲ," ಎಂದ.

ತಿಳಿಸಿದ್ದೇನೆ.

ಜರ್ವೇಸ್‌ನನ್ನು ಪಾರ್ಲಿಮೆಂಟಿನ ಸೈನ್ಯಕ್ಕೆ ಸೇರಿಸಿದವರು ನೀವು. ಅಳುತ್ತಿದ್ದ ನಮ್ಮ ತಾಯಿಗೆ, "ಇವನ ಜೀವಕ್ಕೆ ನಾನು ಹೊಣೆ" ಎಂದವರೂ ನೀವೇ. ನಿಮ್ಮ ಕ್ಷಮೆಗೆ ಏನು ಬೆಲೆ ಕಟ್ಟಿದರೆಂದು ನಾನಿನ್ನು ಕೇಳುವುದಿಲ್ಲ. ಕ್ರಿಸ್‌ಮಸ್‌ಗೆ ಬರುವುದಾದರೆ ಬನ್ನಿ, ಮನೆ ನಿಮ್ಮದು. ನನ್ನ ಹಾಸಿಗೆಯನ್ನು ಮಗಳ ಕೋಣೆಗೆ ಸಾಗಿಸಿದ್ದೇನೆ.

ಲೆಟಿಸ್

ತಾ.ಕ.: ಹಾಲೆಂಡಿನ ಹಡಗು ಹತ್ತಲು ಜರ್ವೇಸ್ ಲಂಡನ್ನಿಗೇ ಬರಬೇಕಿತ್ತು. ಹೋಗುವ ಮುಂಚೆ ಭಾವನ ಮುಖ ಒಮ್ಮೆ ನೋಡಬೇಕೆಂದ, ಬೇಡವೆಂದರೂ ಕೇಳಲಿಲ್ಲ. ಗಡ್ಡ ಬೋಳಿಸಿ, ಲಾಯದಾಳಿನ ಅಂಗಿ ತೊಟ್ಟು ಈ ಪತ್ರವನ್ನು ನಿಮ್ಮ ಕೈಗಿತ್ತವನು ಅವನೇ. ಉತ್ತರಕ್ಕೆ ಕಾಯಬೇಡವೆಂದು ಹೇಳಿ ಕಳಿಸಿದ್ದೇನೆ.