ಬರಿಗಾಲಲ್ಲಿ ಬಂದ ಪದವಿ

ಅಜ್ಜಿಗೆ ಪೋಲೆಂಡಿನಿಂದ ಹಿತಾಳ ನಮಸ್ಕಾರ. ನಿನ್ನೆ ಪದವಿ ಕೈಗೆ ಬಂತು!

ಸ್ಕಾಲರ್‌ಶಿಪ್ಪಿನ ನಮ್ಮ ಗುಂಪನ್ನು ಒಟ್ಟಿಗೆ ಕರೆದರು, ಮೊದಲ ಹೆಸರು ನನ್ನದೇ. ವೇದಿಕೆಯ ಕಲ್ಲಿನ ಮೆಟ್ಟಿಲು ಥೇಟ್ ನಮ್ಮ ಬೇಲೂರು ದೇವಸ್ಥಾನದ್ದೇ. “ಮೆಟ್ಲು ಹತ್ತೋ ಮುಂಚೆ ಚಪ್ಲಿ ಬಿಡೇ” ಎಂದು ನೀನು ಕೂಗಿದ ಹಾಗಾಯಿತು. ಗಡಿಬಿಡಿಯಲ್ಲಿ ಶೂ ಬಿಚ್ಚಿಟ್ಟು ಹತ್ತಿಯೇಬಿಟ್ಟೆ. ಅಲ್ಲಿ ಕಲ್ಲು ಕಾಲು ಸುಡುತ್ತದೆ, ಇಲ್ಲಿ ಮಂಜುಗಡ್ಡೆ!

ಏನೂ ತಿಳಿಯದಿದ್ದರೆ ಮುಂದಿನವರು ಮಾಡಿದ್ದನ್ನೇ ಮಾಡುವುದು ಇಲ್ಲಿಗೆ ಬಂದಾಗಿನಿಂದ ನಮ್ಮ ಗುಂಪಿನ ಉಪಾಯ. ಟ್ರಾಮ್ ಹತ್ತಿದ್ದು, ಫೋರ್ಕ್ ಹಿಡಿದದ್ದು ಎಲ್ಲ ಹಾಗೇ ಕಲಿತೆವು. ನನ್ನ ಹಿಂದಿದ್ದ ಘಾನಾದ ಅಬೇನಾ, ಇದೂ ಇಲ್ಲಿಯ ನಿಯಮವಿರಬೇಕೆಂದು ತಾನೂ ಶೂ ಬಿಚ್ಚಿದಳು. ಅವಳನ್ನು ನೋಡಿ ಪೆರುವಿನ ಹುಡುಗ, ಅವನನ್ನು ನೋಡಿ ವಿಯೆಟ್ನಾಮಿನವಳು. ಮೈಮೇಲೆ ಕರಿ ಗೌನು, ಕೆಳಗೆ ಬರಿಗಾಲು! ಮೆಟ್ಟಿಲ ಬುಡವಂತೂ ಶೂಗಳ ರಾಶಿ ಬಿದ್ದು ವೈಕುಂಠ ಏಕಾದಶಿಯ ದೇವಸ್ಥಾನದ ಬಾಗಿಲಿನಂತಿತ್ತು.

ಸ್ವಲ್ಪ ನೆಗಡಿಯಾಗಿದೆ. ನೀನು ಕಳಿಸಿದ ಪುಡಿಯಲ್ಲಿ ಮೆಣಸಿನ ಕಷಾಯ ಮಾಡಿ ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಭಾನುವಾರ ಅರಸೀಕೆರೆಯಲ್ಲಿ ರೈಲು ಇಳಿಯುತ್ತೇನೆ, ಈ ಕಾರ್ಡಿಗಿಂತ ಮೊದಲೇ ಮನೆಗೆ ಬಂದರೂ ಬಂದೆ.

ಹಾಂ, ಕೊನೆಗೆ ವಯಸ್ಸಾದ ಡೀನ್ ನಗುತ್ತಾ, “ಇದು ಯಾವ ದೇಶದ ಪದ್ಧತಿ?” ಎಂದು ಕೇಳಿದರು. ಪ್ರತಿಯೊಬ್ಬರೂ ತಮ್ಮ ಮುಂದಿದ್ದವರ ಕಡೆ ಬೆರಳು ತೋರಿಸಿದರು. ಹಾಗೇ ಬೆರಳು ಸಾಲಾಗಿ ಬಂದು ನನ್ನ ಹತ್ತಿರ ನಿಂತಿತು. ನನ್ನ ಮುಂದೆ ಯಾರೂ ಇರಲಿಲ್ಲ.

“ನಮ್ಮಜ್ಜಿಯದು” ಎಂದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಹಿತಾ